ಕಣಿವೆ ಸಿಕ್ಕಿತು, ಹೊಳೆ ಕೈತಪ್ಪಿತು

(ಭೂಗೋಳ ಮತ್ತು ಆಡಳಿತದಲ್ಲಿ ಆಸಕ್ತಿ ಇರುವವರ ಮುಂದೆ ಆಡಿದ ಮಾತಿನ ಬರಹ ರೂಪ. ಮಾತಿನ ಓಟವನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

1974ರ ಏಪ್ರಿಲ್ 1ರಂದು ಇಂಗ್ಲೆಂಡಿನಲ್ಲಿ ಎರಡು ದೊಡ್ಡ ಬದಲಾವಣೆಗಳು ಒಂದೇ ದಿನ ಜಾರಿಗೆ ಬಂದವು. ಒಂದು, 1972ರ ಸ್ಥಳೀಯ ಆಡಳಿತ ಕಾಯ್ದೆ. ಅದು ಕೌಂಟಿ, ಪಟ್ಟಣ, ಹಳ್ಳಿಗಳ ನಕ್ಷೆಯನ್ನೇ ಹೊಸದಾಗಿ ಬರೆಯಿತು. ಇನ್ನೊಂದು, 1973ರ ನೀರಿನ ಕಾಯ್ದೆ. ಅದು ಅಲ್ಲಿಯವರೆಗೆ ಬಹುಮಟ್ಟಿಗೆ ಊರುಗಳ ಕೈಯಲ್ಲಿದ್ದ ಕುಡಿಯುವ ನೀರು ಮತ್ತು ಒಳಚರಂಡಿಯನ್ನು ಎತ್ತಿ ದೊಡ್ಡ ಪ್ರಾಂತೀಯ ಪ್ರಾಧಿಕಾರಗಳಿಗೆ ಕೊಟ್ಟಿತು.

ಈ ಎರಡೂ ಒಟ್ಟಿಗೆ ಬಂದು ಬಿದ್ದ ಒಂದು ಜಾಗದ ಬಗ್ಗೆ ಇವತ್ತು ಮಾತಾಡುತ್ತೇನೆ. ಅದರ ಹೆಸರು ಕ್ಯಾಲ್ಡರ್‌ಡೇಲ್. ವೆಸ್ಟ್ ಯಾರ್ಕ್‌ಷೈರ್‌ನ ಒಂದು ಮೆಟ್ರೋಪಾಲಿಟನ್ ಬರೋ, ಅಂದರೆ ತನ್ನದೇ ಕೌನ್ಸಿಲ್ ಇರುವ ಒಂದು ಆಡಳಿತ ಜಿಲ್ಲೆ. ಮೊದಲ ಕಾಯ್ದೆ ಈ ಜಾಗಕ್ಕೆ ಒಂದು ನದಿಕಣಿವೆಯನ್ನೇ ಗಡಿಯಾಗಿ ಕೊಟ್ಟಿತು. ಅದೇ ದಿನ ಎರಡನೆಯ ಕಾಯ್ದೆ ಆ ಕಣಿವೆಯ ನೀರನ್ನು ಕಿತ್ತುಕೊಂಡಿತು. ಇದು ಯಾರೂ ಬೇಕೂಂತ ಮಾಡಿದ್ದಲ್ಲ. ಆದರೆ ಆಮೇಲಿನ ಐವತ್ತು ವರ್ಷ ಅಲ್ಲಿನ ಆಡಳಿತ ಪಟ್ಟ ಪಾಡಿನಲ್ಲಿ ಅರ್ಧ ಇಲ್ಲಿಂದಲೇ ಶುರುವಾಗುತ್ತದೆ ಅನ್ನೋದು ನನ್ನ ವಾದ.

‘ಮೆಟ್ರೋಪಾಲಿಟನ್’ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಎತ್ತರದ ಕಟ್ಟಡ, ಮೆಟ್ರೋ ರೈಲು ಬರುತ್ತದೆ, ಅಲ್ವಾ? ಕ್ಯಾಲ್ಡರ್‌ಡೇಲ್‌ಗೆ ಹೋದರೆ ಸಿಗುವುದು ಜಾಸ್ತಿ ಕುರಿಗಳು. ಸುಮಾರು 364 ಚದರ ಕಿಲೋಮೀಟರ್ ಜಾಗ. 2021ರ ಜನಗಣತಿಯಂತೆ ಸುಮಾರು 2 ಲಕ್ಷದ 6 ಸಾವಿರ ಜನ. ಪಕ್ಕದ ಲೀಡ್ಸ್‌ನಲ್ಲಿ 8 ಲಕ್ಷಕ್ಕೂ ಜಾಸ್ತಿ ಇದ್ದಾರೆ. ವೆಸ್ಟ್ ಯಾರ್ಕ್‌ಷೈರ್‌ನ ಐದು ಬರೋಗಳಲ್ಲಿ (ಲೀಡ್ಸ್, ಬ್ರಾಡ್‌ಫರ್ಡ್, ಕರ್ಕ್‌ಲೀಸ್, ವೇಕ್‌ಫೀಲ್ಡ್, ಕ್ಯಾಲ್ಡರ್‌ಡೇಲ್) ಜನಸಂಖ್ಯೆಯಲ್ಲಿ ಇದೇ ಚಿಕ್ಕದು. ಇಡೀ ಇಂಗ್ಲೆಂಡಿನಲ್ಲಿ ಇಂಥ 36 ಮೆಟ್ರೋಪಾಲಿಟನ್ ಜಿಲ್ಲೆಗಳಿವೆ. ಮ್ಯಾಂಚೆಸ್ಟರ್, ಬರ್ಮಿಂಗ್‌ಹ್ಯಾಂ ಕೂಡ ಕಾನೂನಿನ ಲೆಕ್ಕದಲ್ಲಿ ಇದೇ ಜಾತಿಗೆ ಸೇರಿದವು. ಒಂದೇ ಅಂಗಿಯನ್ನು ಎಲ್ಲರಿಗೂ ಹೊಲಿಸಿದ್ದಾರೆ ಅಷ್ಟೇ.

ಈಗ ಜಾಗ ಹೇಗಿದೆ ನೋಡೋಣ. ಪೆನೈನ್ ಬೆಟ್ಟಸಾಲು ಉತ್ತರ-ದಕ್ಷಿಣವಾಗಿ ಹಬ್ಬಿದೆ. ಅದರ ಪಶ್ಚಿಮಕ್ಕೆ ಲ್ಯಾಂಕಷೈರ್ ಮತ್ತು ಮ್ಯಾಂಚೆಸ್ಟರ್, ಪೂರ್ವಕ್ಕೆ ಯಾರ್ಕ್‌ಷೈರ್. ಕ್ಯಾಲ್ಡರ್ ನದಿ ಟಾಡ್‌ಮರ್ಡನ್ ಊರಿನ ಮೇಲಿನ ಗುಡ್ಡಗಳಲ್ಲಿ ಹುಟ್ಟಿ ಪೂರ್ವಕ್ಕೆ ಹರಿಯುತ್ತದೆ. ಟಾಡ್‌ಮರ್ಡನ್, ಹೆಬ್ಡನ್ ಬ್ರಿಜ್, ಮಿದಮ್‌ರಾಯ್ಡ್, ಸೋರ್ಬಿ ಬ್ರಿಜ್, ಎಲಂಡ್, ಬ್ರಿಗ್‌ಹೌಸ್ ಎಲ್ಲವೂ ಅದರ ದಡದ ಊರುಗಳೇ. ಬಲಗೈ ಚಾಚಿ ಬೆರಳು ಅಗಲಿಸಿ ಹಿಡಿಯಿರಿ. ಬೆರಳುಗಳೆಲ್ಲ ಉಪನದಿಗಳು: ವಾಲ್ಸ್‌ಡನ್ ವಾಟರ್, ಕೋಲ್ಡನ್ ವಾಟರ್, ಹೆಬ್ಡನ್ ವಾಟರ್, ರೈಬರ್ನ್, ಹೆಬಲ್. ಮಣಿಕಟ್ಟಿನ ಜಾಗದಲ್ಲಿ ಬ್ರಿಗ್‌ಹೌಸ್. ಅಲ್ಲಿಂದ ನದಿ ಕರ್ಕ್‌ಲೀಸ್‌ಗೆ ದಾಟಿ, ವೇಕ್‌ಫೀಲ್ಡ್ ಹಾದು, ಕ್ಯಾಸಲ್‌ಫರ್ಡ್‌ನಲ್ಲಿ ಏರ್ ನದಿಯನ್ನು ಸೇರುತ್ತದೆ. ಆ ಅಂಗೈಯೇ ಹೆಚ್ಚುಕಮ್ಮಿ ಕ್ಯಾಲ್ಡರ್‌ಡೇಲ್. ಬರೋದ ದೊಡ್ಡ ಪಟ್ಟಣ ಹ್ಯಾಲಿಫ್ಯಾಕ್ಸ್ ಮಾತ್ರ ಕ್ಯಾಲ್ಡರ್ ದಡದಲ್ಲಿಲ್ಲ. ಅದು ಹೆಬಲ್ ಹಳ್ಳದ ಪಕ್ಕ ಕೂತಿದೆ.

ಈ ಕಣಿವೆಗೆ ಮೂರು ಅಂತಸ್ತು ಇದೆ. ತೀರಾ ಮೇಲೆ ಗಾಳಿ ಬೀಸುವ ಬೋಳು ಗುಡ್ಡಗಳು. ಅಲ್ಲಿ ಮರಗಳಿಲ್ಲ. ಪೀಟ್ ಅನ್ನುವ ಕಪ್ಪು ಒದ್ದೆ ಮಣ್ಣು, ಹುಲ್ಲು, ಹೆದರ್ ಗಿಡ. ನಡುವೆ ಒಂದು ಅಗಲವಾದ ಮೆಟ್ಟಿಲಿನಂಥ ಸಮತಟ್ಟು. ಕೆಳಗೆ ತೀರಾ ಇಕ್ಕಟ್ಟಾದ ಕಣಿವೆಯ ತಳ. ಹಳೆಯ ಜನ ಇದ್ದದ್ದು ನಡುವಿನ ಅಂತಸ್ತಿನಲ್ಲಿ. ತಳ ಜೌಗು, ಕಾಡು. ಹೆಪ್ಟನ್‌ಸ್ಟಾಲ್, ಮ್ಯಾಂಕಿನ್‌ಹೋಲ್ಸ್ ಥರದ ಹಳ್ಳಿಗಳು ಆ ನಡುವಿನ ಅಂತಸ್ತಿನಲ್ಲೇ ಇವೆ. ಜಮೀನು ಕೆಟ್ಟದ್ದು, ಮಳೆ ಜಾಸ್ತಿ. ಬರೀ ಬೇಸಾಯದಲ್ಲಿ ಹೊಟ್ಟೆ ತುಂಬುತ್ತಿರಲಿಲ್ಲ. ಅದಕ್ಕೆ ಮನೆಮನೆಯಲ್ಲೂ ಉಣ್ಣೆ ನೇಯುತ್ತಿದ್ದರು. ಆ ಮನೆಗಳ ಮೇಲಿನ ಮಹಡಿಯಲ್ಲಿ ಸಾಲಾಗಿ ಕಿಟಕಿಗಳಿರುತ್ತವೆ. ಮಗ್ಗಕ್ಕೆ ಬೆಳಕು ಬೇಕಲ್ಲ.

ಬಟ್ಟೆ ಆ ಕಾಲದಲ್ಲಿ ಎಷ್ಟು ಬೆಲೆಬಾಳುವ ವಸ್ತು ಅಂದರೆ, ಹ್ಯಾಲಿಫ್ಯಾಕ್ಸ್‌ನಲ್ಲಿ ಹದಿಮೂರೂವರೆ ಪೆನ್ನಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಮಾಲು ಕದ್ದವನ ತಲೆ ಕಡಿಯುವ ಯಂತ್ರವೇ ಇತ್ತು. 1650ರ ತನಕ ಅದು ಕೆಲಸ ಮಾಡಿತು. ಫ್ರಾನ್ಸಿನ ಗಿಲೊಟಿನ್ ಬರುವುದಕ್ಕೆ ಎಷ್ಟೋ ಮುಂಚೆ! ಸ್ಥಳೀಯ ಸ್ವಾಯತ್ತತೆ ಅಂದರೆ ಯಾವಾಗಲೂ ಒಳ್ಳೆಯದೇ ಅಂದುಕೊಳ್ಳುವವರಿಗೆ ಈ ಯಂತ್ರವನ್ನು ಒಮ್ಮೆ ತೋರಿಸಬೇಕು.

ಈ ಮಗ್ಗದವರೆಲ್ಲ ನೇಯ್ದ ಥಾನು ಹೊತ್ತು ತಂದು ಮಾರುವುದಕ್ಕಾಗಿ 1779ರಲ್ಲಿ ಹ್ಯಾಲಿಫ್ಯಾಕ್ಸ್‌ನಲ್ಲಿ ಪೀಸ್ ಹಾಲ್ ಕಟ್ಟಿದರು. ದೊಡ್ಡ ಅಂಗಳ, ಸುತ್ತ ಕಂಬಸಾಲು, 315 ಕೋಣೆಗಳು. ಈಗಲೂ ಇದೆ. 2017ರಲ್ಲಿ ದುರಸ್ತಿ ಮುಗಿಸಿ ಮತ್ತೆ ತೆರೆದಿದ್ದಾರೆ. ಆದರೆ ಅದು ಕಟ್ಟಿ ಮುಗಿಯುವ ಹೊತ್ತಿಗೆ ಕಾಲವೇ ಬದಲಾಗುತ್ತಿತ್ತು. ನೀರಿನ ಶಕ್ತಿಯಿಂದ ನಡೆಯುವ ಗಿರಣಿಗಳು ಬಂದವು. ಗಿರಣಿಗೆ ಹೊಳೆ ಬೇಕು. 1804ರಲ್ಲಿ ರಾಚ್‌ಡೇಲ್ ಕಾಲುವೆ ಪೂರ್ತಿಯಾಗಿ ಸೋರ್ಬಿ ಬ್ರಿಜ್‌ನಿಂದ ಮ್ಯಾಂಚೆಸ್ಟರ್‌ಗೆ ದೋಣಿ ಹೋಗುವಂತಾಯಿತು. 1841ರಲ್ಲಿ ರೈಲು ಬಂತು. ಬೆಟ್ಟ ಕೊರೆದು ಮಾಡಿದ ಸಮಿಟ್ ಸುರಂಗ ಆಗ ಜಗತ್ತಿನಲ್ಲೇ ಅತಿ ಉದ್ದದ ರೈಲು ಸುರಂಗವಾಗಿತ್ತು. ಜನವೆಲ್ಲ ಮೇಲಿನಿಂದ ಕೆಳಗಿಳಿದರು.

ಹೀಗಾಗಿ ಆ ಇಕ್ಕಟ್ಟಿನ ತಳದಲ್ಲಿ ನದಿ, ಕಾಲುವೆ, ರಸ್ತೆ, ರೈಲು, ಗಿರಣಿ, ಮನೆ ಎಲ್ಲವೂ ಒತ್ತಿಕೊಂಡು ಕೂತವು. ಹೆಬ್ಡನ್ ಬ್ರಿಜ್‌ನಲ್ಲಿ ಜಾಗ ಸಾಲದೆ ಮನೆಯ ಮೇಲೆ ಮನೆ ಕಟ್ಟಿದರು. ಇಳಿಜಾರಿನಲ್ಲಿ ನಾಲ್ಕು ಮಹಡಿಯ ಕಟ್ಟಡ. ಕೆಳಗಿನ ಎರಡು ಮಹಡಿಯ ಮನೆಗೆ ಕೆಳಗಿನ ಬೀದಿಯಿಂದ ಬಾಗಿಲು, ಮೇಲಿನ ಎರಡಕ್ಕೆ ಹಿಂದಿನ ಎತ್ತರದ ಬೀದಿಯಿಂದ ಬಾಗಿಲು. ಒಬ್ಬರ ಮನೆ ಇನ್ನೊಬ್ಬರ ತಲೆಯ ಮೇಲಿದ್ದರೂ ಇಬ್ಬರೂ ನೆಲದಿಂದಲೇ ಒಳಗೆ ಹೋಗುತ್ತಾರೆ. ಸೂರು ಸೋರಿದರೆ ಖರ್ಚು ಯಾರದು ಅಂತ ವಕೀಲರಿಗೆ ಒಳ್ಳೆ ಕೆಲಸ.

ಗಡಿಯ ವಿಷಯಕ್ಕೆ ಬರೋಣ. ಟಾಡ್‌ಮರ್ಡನ್‌ನ ಟೌನ್ ಹಾಲ್ ನನಗೆ ತುಂಬಾ ಇಷ್ಟದ ಕಟ್ಟಡ. 1875ರಲ್ಲಿ ತೆರೆದದ್ದು. ಅದನ್ನು ಕಟ್ಟಿರುವುದು ವಾಲ್ಸ್‌ಡನ್ ವಾಟರ್ ಹಳ್ಳದ ಮೇಲೇ. ಆಗ ಆ ಹಳ್ಳವೇ ಲ್ಯಾಂಕಷೈರ್ ಮತ್ತು ಯಾರ್ಕ್‌ಷೈರ್‌ಗಳ ಗಡಿ. ಅಂದರೆ ಸಭಾಂಗಣದ ಅರ್ಧ ಒಂದು ಕೌಂಟಿಯಲ್ಲಿ, ಇನ್ನರ್ಧ ಇನ್ನೊಂದರಲ್ಲಿ! ಮುಂಭಾಗದ ಶಿಲ್ಪದಲ್ಲಿ ಒಂದು ಕಡೆ ಲ್ಯಾಂಕಷೈರ್‌ನ ಹತ್ತಿ, ಇನ್ನೊಂದು ಕಡೆ ಯಾರ್ಕ್‌ಷೈರ್‌ನ ಉಣ್ಣೆ. 1888ರಲ್ಲಿ ಗಡಿ ಸರಿಸಿ ಇಡೀ ಊರನ್ನು ಯಾರ್ಕ್‌ಷೈರ್‌ಗೆ ಸೇರಿಸಿದರು. ಆದರೆ ಅಂಚೆ ಇಲಾಖೆಗೆ ಅದು ಇನ್ನೂ ಒಪ್ಪಿಗೆಯಾದ ಹಾಗಿಲ್ಲ. ಟಾಡ್‌ಮರ್ಡನ್‌ನ ಪೋಸ್ಟ್‌ಕೋಡ್ ಇವತ್ತಿಗೂ ಬೆಟ್ಟದಾಚೆಯ ಓಲ್ಡ್‌ಹ್ಯಾಂನದು. ಪೂರ್ವದ ತುದಿಯ ಬ್ರಿಗ್‌ಹೌಸ್‌ನದು ಕರ್ಕ್‌ಲೀಸ್‌ನಲ್ಲಿರುವ ಹಡರ್ಸ್‌ಫೀಲ್ಡ್‌ನದು. ಒಂದು ಬರೋ, ಮೂರು ಊರಿನ ಅಂಚೆ.

ಟಾಡ್‌ಮರ್ಡನ್‌ನವರು ಸ್ವಲ್ಪ ಹಟದ ಜನ ಕೂಡ. 1834ರಲ್ಲಿ ಬಡವರನ್ನು ವರ್ಕ್‌ಹೌಸ್‌ಗೆ, ಅಂದರೆ ದುಡಿಸಿಕೊಂಡು ಊಟ-ವಸತಿ ಕೊಡುವ ಕಟ್ಟಡಕ್ಕೆ, ತಳ್ಳುವ ಹೊಸ ಕಾನೂನು ಬಂತು. ಅಲ್ಲಿನ ಗಿರಣಿ ಮಾಲೀಕ, ಓಲ್ಡ್‌ಹ್ಯಾಂನ ಸಂಸದ ಜಾನ್ ಫೀಲ್ಡನ್ ಅದನ್ನು ಬಲವಾಗಿ ವಿರೋಧಿಸಿದರು. 1838ರಲ್ಲಿ ದೊಡ್ಡ ಗಲಾಟೆಯೇ ಆಯಿತು. 1870ರ ದಶಕದ ತನಕ ಆ ಊರಿನವರು ಹೊಸ ವರ್ಕ್‌ಹೌಸ್ ಕಟ್ಟಲೇ ಇಲ್ಲ. ಗಿರಣಿ ಕೆಲಸವನ್ನು ದಿನಕ್ಕೆ ಹತ್ತು ಗಂಟೆಗೆ ಇಳಿಸಿದ 1847ರ ಕಾನೂನನ್ನು ಸಂಸತ್ತಿನಲ್ಲಿ ದಾಟಿಸಿದ್ದು ಇದೇ ಫೀಲ್ಡನ್.

1974ರಲ್ಲಿ ಏನಾಯಿತು? ಹ್ಯಾಲಿಫ್ಯಾಕ್ಸ್ ಆಗ ಕೌಂಟಿ ಬರೋ, ಅಂದರೆ ಎಲ್ಲ ಅಧಿಕಾರವೂ ಒಂದೇ ಕಡೆ ಇದ್ದ ಸ್ವತಂತ್ರ ಪಟ್ಟಣ. ಅದರ ಜೊತೆ ಬ್ರಿಗ್‌ಹೌಸ್, ಟಾಡ್‌ಮರ್ಡನ್ ಎಂಬ ಎರಡು ಬರೋಗಳು. ಎಲಂಡ್, ಹೆಬ್ಡನ್ ರಾಯ್ಡ್ (ಹೆಬ್ಡನ್ ಬ್ರಿಜ್, ಮಿದಮ್‌ರಾಯ್ಡ್ ಕೂಡಿದ್ದು), ರಿಪ್ಪನ್‌ಡನ್, ಸೋರ್ಬಿ ಬ್ರಿಜ್ ಎಂಬ ನಗರ ಜಿಲ್ಲೆಗಳು. ಹೆಪ್ಟನ್ ಗ್ರಾಮೀಣ ಜಿಲ್ಲೆ. ಕ್ವೀನ್ಸ್‌ಬರಿ-ಶೆಲ್ಫ್‌ನ ಒಂದು ತುಂಡು. ಆ ಕೊನೆಯದನ್ನು ಎರಡು ಭಾಗ ಮಾಡಿ ಕ್ವೀನ್ಸ್‌ಬರಿಯನ್ನು ಬ್ರಾಡ್‌ಫರ್ಡ್‌ಗೂ ಶೆಲ್ಫನ್ನು ಇಲ್ಲಿಗೂ ಕೊಟ್ಟರು. ಇಷ್ಟೂ ಸೇರಿ ಒಂದು ಕೌನ್ಸಿಲ್.

ಇಷ್ಟೆಲ್ಲ ಕೂಡಿಸಿ ಗೆರೆ ಎಳೆದಾಗ ಆ ಗೆರೆ ಬಹುಮಟ್ಟಿಗೆ ನೀರು ಎರಡು ಕಡೆಗೆ ಇಳಿಯುವ ದಿಣ್ಣೆಗಳ ಮೇಲೇ ಹೋಯಿತು. ಆಡಳಿತದ ನಕ್ಷೆ ಬರೆಯುವವರಿಗೆ ಇಂಥ ಅದೃಷ್ಟ ಸಿಗುವುದು ಅಪರೂಪ. ಮಳೆ ಬಿದ್ದ ಜಾಗ, ಹೊಳೆ ಉಕ್ಕಿದ ಜಾಗ, ಎರಡೂ ಒಬ್ಬರದೇ ವಾರ್ಡು.

ಆದರೆ ನೀರು? ಹ್ಯಾಲಿಫ್ಯಾಕ್ಸ್‌ನವರು ಹತ್ತೊಂಬತ್ತನೇ ಶತಮಾನದಿಂದಲೂ ಮೇಲಿನ ಗುಡ್ಡಗಳಲ್ಲಿ ಜಲಾಶಯ ಕಟ್ಟಿಕೊಂಡು ಬಂದಿದ್ದರು. ವಿಡಪ್, ವಾಲ್‌ಶಾ ಡೀನ್ ಅಂಥವು. ಊರಿನ ತೆರಿಗೆ, ಊರಿನ ಸಾಲ, ಊರಿನ ಎಂಜಿನಿಯರ್‌ಗಳು. ಅದೇ ಏಪ್ರಿಲ್ 1ರಂದು ಅವೆಲ್ಲ ಯಾರ್ಕ್‌ಷೈರ್ ವಾಟರ್ ಅಥಾರಿಟಿಗೆ ಹೋದವು. 1989ರಲ್ಲಿ ಅದು ಖಾಸಗಿ ಕಂಪನಿಯಾಯಿತು. ಹ್ಯಾಲಿಫ್ಯಾಕ್ಸ್‌ನ ಬಸ್ಸುಗಳು ಕೂಡ ಅದೇ ದಿನ ವೆಸ್ಟ್ ಯಾರ್ಕ್‌ಷೈರ್‌ನ ಸಾರಿಗೆ ಸಂಸ್ಥೆಯ ಪಾಲಾದವು. ವಿದ್ಯುತ್ ಅಂತೂ 1948ರಲ್ಲೇ ರಾಷ್ಟ್ರೀಕರಣವಾಗಿ ಹೋಗಿತ್ತು. ಹುಟ್ಟುವಾಗಲೇ ಆಸ್ತಿ ಕಳೆದುಕೊಂಡ ಕೌನ್ಸಿಲ್ ಇದು.

ಮೇಲೆ ಇನ್ನೊಂದು ಅಂತಸ್ತು ಇತ್ತು: ವೆಸ್ಟ್ ಯಾರ್ಕ್‌ಷೈರ್ ಕೌಂಟಿ ಕೌನ್ಸಿಲ್. ಹನ್ನೆರಡೇ ವರ್ಷ ಬದುಕಿತು. 1986ರಲ್ಲಿ ಥ್ಯಾಚರ್ ಸರ್ಕಾರ ಆರು ಮೆಟ್ರೋಪಾಲಿಟನ್ ಕೌಂಟಿ ಕೌನ್ಸಿಲ್‌ಗಳನ್ನೂ, ಲಂಡನ್ನಿನ ದೊಡ್ಡ ಕೌನ್ಸಿಲನ್ನೂ ಒಟ್ಟಿಗೆ ಮುಚ್ಚಿತು. ಕೌಂಟಿ ನಕ್ಷೆಯಲ್ಲಿ ಉಳಿಯಿತು, ಕೌನ್ಸಿಲ್ ಹೋಯಿತು. ಆಮೇಲೆ ಐದೂ ಬರೋಗಳನ್ನು ಕೂಡಿಸುವ ಒಂದು ಸಂಸ್ಥೆ ಬೇಕೇ ಬೇಕು ಅಂತ 2014ರಲ್ಲಿ ಕಂಬೈನ್ಡ್ ಅಥಾರಿಟಿ ಮಾಡಿದರು. 2021ರಿಂದ ಅದಕ್ಕೆ ಜನರೇ ನೇರವಾಗಿ ಆರಿಸುವ ಮೇಯರ್ ಇದ್ದಾರೆ. ಮೊದಲು ಗೆದ್ದವರು ಟ್ರೇಸಿ ಬ್ರೇಬಿನ್. ಸಾರಿಗೆ, ಪೊಲೀಸ್ ಮೇಲ್ವಿಚಾರಣೆ ಅವರ ಕೈಯಲ್ಲಿ. ಒಡೆದದ್ದನ್ನೇ ಬೇರೆ ಹೆಸರಲ್ಲಿ ಮತ್ತೆ ಕಟ್ಟಿದರು ಅಂದರೆ ತಪ್ಪಿಲ್ಲ. ಬೆಂಗಳೂರಿನವರಿಗೆ ಇದು ಅರ್ಥವಾಗುತ್ತದೆ. 2025ರಲ್ಲಿ ನಾವೂ ಒಂದು ಪಾಲಿಕೆಯನ್ನು ಐದು ಮಾಡಿ ಮೇಲೊಂದು ಪ್ರಾಧಿಕಾರ ಕೂರಿಸಿದ್ದೇವೆ.

ಮೇಯರ್ ವಿಷಯದಲ್ಲಿ ಗೊಂದಲ ಬೇಡ. ಕ್ಯಾಲ್ಡರ್‌ಡೇಲ್‌ಗೆ ತನ್ನದೇ ಇನ್ನೊಬ್ಬ ಮೇಯರ್ ಕೂಡ ಇರುತ್ತಾರೆ. ವರ್ಷವರ್ಷ ಬದಲಾಗುವ, ಕೊರಳಿಗೆ ಸರ ಹಾಕಿಕೊಂಡು ಸಭೆ ನಡೆಸುವ, ಶಾಲೆಗಳಿಗೆ ಭೇಟಿ ಕೊಡುವ ಮೇಯರ್. ನಿಜವಾದ ಅಧಿಕಾರ ಕೌನ್ಸಿಲ್ ನಾಯಕರದು ಮತ್ತು ಅವರ ಕ್ಯಾಬಿನೆಟ್‌ನದು. 2004ರ ನಕ್ಷೆಯಲ್ಲಿ 17 ವಾರ್ಡು, ವಾರ್ಡಿಗೆ ಮೂವರಂತೆ 51 ಕೌನ್ಸಿಲರ್‌ಗಳು ಇದ್ದರು. ನಾಲ್ಕು ವರ್ಷದಲ್ಲಿ ಮೂರು ವರ್ಷ, ಪ್ರತಿ ಸಲ ಮೂರನೇ ಒಂದು ಭಾಗಕ್ಕೆ ಚುನಾವಣೆ ಅನ್ನೋದು ಅಲ್ಲಿನ ರೂಢಿ. ಕೆಳಗೆ ಇನ್ನೂ ಒಂದು ಅಂತಸ್ತು: ಹಳ್ಳಿ, ಊರುಗಳ ಮಟ್ಟದ ಪ್ಯಾರಿಷ್ ಮತ್ತು ಟೌನ್ ಕೌನ್ಸಿಲ್‌ಗಳು. ಟಾಡ್‌ಮರ್ಡನ್‌ಗೆ, ಹೆಬ್ಡನ್ ರಾಯ್ಡ್‌ಗೆ, ಹೆಪ್ಟನ್‌ಸ್ಟಾಲ್‌ನಂಥ ಸಣ್ಣ ಹಳ್ಳಿಗೂ ಇದೆ. ದೊಡ್ಡ ಹ್ಯಾಲಿಫ್ಯಾಕ್ಸ್‌ಗೆ ಇಲ್ಲ!

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. ಮನೆಗಳನ್ನು ಎ ಇಂದ ಎಚ್ ತನಕ ಎಂಟು ಗುಂಪು ಮಾಡಿ ಕೌನ್ಸಿಲ್ ತೆರಿಗೆ ಹಾಕುತ್ತಾರೆ. ಗುಂಪು ಮಾಡುವುದು 1991ರ ಬೆಲೆಯ ಮೇಲೆ. ನಿನ್ನೆ ಕಟ್ಟಿದ ಮನೆಗೂ ‘1991ರಲ್ಲಿ ಇದ್ದಿದ್ದರೆ ಎಷ್ಟಾಗುತ್ತಿತ್ತು’ ಅಂತ ಲೆಕ್ಕ! ಕ್ಯಾಲ್ಡರ್‌ಡೇಲ್‌ನಲ್ಲಿ ಅತಿ ಕಡಿಮೆಯ ಎ ಗುಂಪಿನ ಮನೆಗಳೇ ಜಾಸ್ತಿ. ಬಂದ ಹಣದ ದೊಡ್ಡ ಪಾಲು ಹೋಗುವುದು ವಯಸ್ಸಾದವರ, ಅಂಗವಿಕಲರ ಮತ್ತು ಮಕ್ಕಳ ಆರೈಕೆಗೆ. ಜನಕ್ಕೆ ಕಾಣುವುದು ಕಸದ ಗಾಡಿ, ರಸ್ತೆ, ಲೈಬ್ರರಿ. ಚಳಿಗಾಲದಲ್ಲಿ ಆ ಕಡಿದಾದ ರಸ್ತೆಗಳಿಗೆ ಉಪ್ಪು ಚೆಲ್ಲುವುದೇ ಒಂದು ದೊಡ್ಡ ಕೆಲಸ. ಮಂಜಿನ ರಾತ್ರಿಯಲ್ಲಿ ರಸ್ತೆಯ ನಡುವೆ ಹೊಳೆಯುವ ‘ಕ್ಯಾಟ್ಸ್ ಐ’ ರಿಫ್ಲೆಕ್ಟರ್‌ಗಳನ್ನು 1934ರಲ್ಲಿ ಕಂಡುಹಿಡಿದ ಪರ್ಸಿ ಶಾ ಹ್ಯಾಲಿಫ್ಯಾಕ್ಸ್‌ನವರು ಅಂದರೆ ನನಗೇನೂ ಆಶ್ಚರ್ಯವಿಲ್ಲ.

ಈಗ ಪ್ರವಾಹ. 2015ರ ಡಿಸೆಂಬರ್ 26, ಕ್ರಿಸ್‌ಮಸ್ ಮಾರನೇ ದಿನ. ಮೇಲಿನ ಪೀಟ್ ಆಗಲೇ ನೀರು ಕುಡಿದು ತುಂಬಿತ್ತು. ಅದರ ಮೇಲೆ ಇನ್ನೂ ಮಳೆ. ಕಡಿದಾದ ಇಳಿಜಾರು, ಕೆಳಗೆ ಗಟ್ಟಿ ಮರಳುಕಲ್ಲು. ನೀರು ಕೆಲವೇ ಗಂಟೆಗಳಲ್ಲಿ ತಳಕ್ಕೆ ಬಂತು. ತಳದಲ್ಲಿ ನದಿಗೆ ಹರಡಿಕೊಳ್ಳಲು ಜಾಗವೇ ಇಲ್ಲ. ಎರಡೂ ಕಡೆ ಗಿರಣಿಯ ಗೋಡೆ. ಸೈರನ್ ಕೂಗಿತು. ಟಾಡ್‌ಮರ್ಡನ್‌ನಿಂದ ಬ್ರಿಗ್‌ಹೌಸ್ ತನಕ ಸಾವಿರಾರು ಮನೆ, ಅಂಗಡಿಗಳಿಗೆ ನೀರು ನುಗ್ಗಿತು. ಎಲಂಡ್‌ನ ಕಾಲುವೆ ಸೇತುವೆ ಕುಸಿಯಿತು. ಮಿದಮ್‌ರಾಯ್ಡ್‌ನಲ್ಲಿ ನದಿ ಅಗಲ ಮಾಡಿ, ಒಂದು ಸೇತುವೆಯನ್ನೇ ಬೇರೆ ಕಡೆ ಕಟ್ಟುವ ಕೆಲಸ ಶುರುವಾಯಿತು. ಅದು ಮುಗಿಯುವ ಮುಂಚೆಯೇ 2020ರ ಫೆಬ್ರವರಿ 9ರಂದು ಸಿಯಾರ ಬಿರುಗಾಳಿ ಬಂದು ಮತ್ತೆ ಮುಳುಗಿಸಿತು.

ಆ ನೀರಿಗೆ ಯಾರು ಹೊಣೆ? ದೊಡ್ಡ ಹೊಳೆಗಳಿಗೆ ಕೇಂದ್ರದ ಎನ್ವಿರಾನ್‌ಮೆಂಟ್ ಏಜೆನ್ಸಿ. ಸಣ್ಣ ತೊರೆ, ರಸ್ತೆ ಮೇಲೆ ಹರಿಯುವ ನೀರಿಗೆ ಕೌನ್ಸಿಲ್. 2010ರ ಪ್ರವಾಹ ಕಾಯ್ದೆ ಹಾಗೆ ಹೇಳುತ್ತದೆ. ಚರಂಡಿ, ಜಲಾಶಯಕ್ಕೆ ಯಾರ್ಕ್‌ಷೈರ್ ವಾಟರ್. ಕಾಲುವೆಗೆ ಕೆನಾಲ್ ಅಂಡ್ ರಿವರ್ ಟ್ರಸ್ಟ್. ನದಿಯ ಪಕ್ಕದ ಗೋಡೆಗೆ ಆ ಜಾಗದ ಮಾಲೀಕ, ಅಂದರೆ ನೂರೈವತ್ತು ವರ್ಷದ ಹಿಂದಿನ ಗಿರಣಿಯನ್ನು ಈಗ ಯಾರು ಕೊಂಡಿದ್ದಾರೋ ಅವರು. ಮೇಲಿನ ಗುಡ್ಡದಲ್ಲಿ ಹೆದರ್ ಸುಟ್ಟು ಹಕ್ಕಿ ಬೇಟೆಗೆ ಜಾಗ ಮಾಡಿಕೊಂಡು ಬಂದ ಜಮೀನ್ದಾರರು ಬೇರೆ. ಆ ಸುಡುವಿಕೆಯಿಂದ ನೀರು ಬೇಗ ಇಳಿಯುತ್ತದೆ ಅಂತ ಕೆಳಗಿನವರ ದೂರು, ಇಲ್ಲ ಅಂತ ಅವರ ವಾದ. ಕಣಿವೆ ಒಂದೇ. ಕೀಲಿಕೈ ಮಾತ್ರ ಆರೇಳು ಜನರ ಹತ್ತಿರ.

ಈ ಗೋಜಲಿನ ನಡುವೆ ಒಂದು ಕೆಲಸ ನನಗೆ ಹಿಡಿಸಿತು. ಹೆಬ್ಡನ್ ಬ್ರಿಜ್ ಮೇಲಿನ ಹಾರ್ಡ್‌ಕ್ಯಾಸಲ್ ಕ್ರ್ಯಾಗ್ಸ್ ಎಂಬ ಕಾಡು ಕಣಿವೆಯಲ್ಲಿ ‘ಸ್ಲೋ ದ ಫ್ಲೋ’ ಎಂಬ ಸ್ವಯಂಸೇವಕರ ಗುಂಪು ಸಣ್ಣ ಝರಿಗಳಿಗೆ ಅಡ್ಡವಾಗಿ ಮರದ ದಿಮ್ಮಿಗಳನ್ನು ಇಟ್ಟಿದೆ. ಇಂಥ ನೂರಾರು ಒಡ್ಡುಗಳಿವೆ. ಸಾಮಾನ್ಯ ದಿನ ನೀರು ಅಡಿಯಲ್ಲಿ ಹರಿದು ಹೋಗುತ್ತದೆ. ಜೋರು ಮಳೆಯಲ್ಲಿ ತಡೆದು ನಿಲ್ಲುತ್ತದೆ, ನಿಧಾನ ಇಳಿಯುತ್ತದೆ. ಜಮೀನು ಪಾರಂಪರಿಕ ಜಾಗಗಳನ್ನು ಕಾಯುವ ದತ್ತಿ ಸಂಸ್ಥೆ ನ್ಯಾಷನಲ್ ಟ್ರಸ್ಟ್‌ನದು. ದೊಡ್ಡ ಪ್ರವಾಹವನ್ನು ಇದೊಂದೇ ತಡೆಯುತ್ತದೆ ಅಂತ ಯಾರೂ ಹೇಳುವುದಿಲ್ಲ. ಆದರೆ ಯಾರ ಅಧಿಕಾರ ಎಲ್ಲಿ ಮುಗಿಯುತ್ತದೆ ಅಂತ ನೋಡುತ್ತ ಕೂರದೆ ಕಣಿವೆಯ ಮೇಲಿನಿಂದ ಶುರುಮಾಡಿದರಲ್ಲ, ಅದು ಮುಖ್ಯ. ಅದೇ ಊರಿನ ಮೇಲಿರುವ ಜಲಾಶಯಗಳ ಮಟ್ಟ ಇಳಿಸಿ ಮಳೆಗೆ ಜಾಗ ಬಿಡುವ ಪ್ರಯೋಗವೂ ನಡೆದಿದೆ. ಹಳೆಯ ಹ್ಯಾಲಿಫ್ಯಾಕ್ಸ್‌ನ ಕೌನ್ಸಿಲರ್‌ಗಳು ಇದನ್ನು ತಮ್ಮದೇ ಒಂದು ಸಭೆಯಲ್ಲಿ ತೀರ್ಮಾನಿಸಬಹುದಿತ್ತು.

ಮಾತು ಮುಗಿದ ಮೇಲೆ ಕೆಲವು ಪ್ರಶ್ನೆಗಳು ಬಂದವು.

ಅಲ್ಲಿ ನಮ್ಮ ಕಡೆಯವರು ಇದ್ದಾರಾ ಅಂತ ಒಬ್ಬರು ಕೇಳಿದರು. ಹ್ಯಾಲಿಫ್ಯಾಕ್ಸ್‌ನಲ್ಲಿ ದಕ್ಷಿಣ ಏಷ್ಯಾದವರು ಅಂದರೆ ಮುಖ್ಯವಾಗಿ ಪಾಕಿಸ್ತಾನಿ ಮೂಲದವರು. ಅವರಲ್ಲಿ ಕಾಶ್ಮೀರದ ಮೀರ್‌ಪುರದ ಕಡೆಯ ಕುಟುಂಬಗಳು ಜಾಸ್ತಿ. 1960ರ ದಶಕದಲ್ಲಿ ಗಿರಣಿಗಳ ರಾತ್ರಿ ಪಾಳಿಗೆ ಬಂದವರು. ಇಡೀ ಬರೋದಲ್ಲಿ ಏಷ್ಯನ್ ಮೂಲದವರು ಹೆಚ್ಚುಕಮ್ಮಿ ಹತ್ತಕ್ಕೆ ಒಬ್ಬರು. ಗಿರಣಿ ಮುಚ್ಚಿದವು, ಮನೆಮಂದಿ ಉಳಿದರು. ಅವರ ಮಕ್ಕಳಲ್ಲಿ ಕೌನ್ಸಿಲರ್ ಆದವರಿದ್ದಾರೆ.

ಇನ್ನೊಬ್ಬರ ಪ್ರಶ್ನೆ: ಕೈಬಿಟ್ಟುಹೋದದ್ದು ಯಾವತ್ತಾದರೂ ವಾಪಸ್ ಬರುತ್ತದಾ?

ಬಸ್ಸು ಬರುತ್ತಿದೆ. 1986ರಲ್ಲಿ ಬಸ್ಸುಗಳನ್ನು ಪೂರ್ತಿ ಮಾರುಕಟ್ಟೆಗೆ ಬಿಟ್ಟಿದ್ದರು. ಯಾವ ಕಂಪನಿ, ಯಾವ ದಾರಿ, ಎಷ್ಟು ದರ ಎಲ್ಲ ಅವರವರ ಇಷ್ಟ. 2017ರ ಒಂದು ಕಾಯ್ದೆ ಮೇಯರ್‌ಗಳಿಗೆ ಅದನ್ನು ಮತ್ತೆ ಹಿಡಿತಕ್ಕೆ ತೆಗೆದುಕೊಳ್ಳುವ ಅಧಿಕಾರ ಕೊಟ್ಟಿತು. 2024ರಲ್ಲಿ ವೆಸ್ಟ್ ಯಾರ್ಕ್‌ಷೈರ್ ಆ ದಾರಿ ಹಿಡಿಯಿತು. ಗಮನಿಸಿ, ಹ್ಯಾಲಿಫ್ಯಾಕ್ಸ್‌ಗೆ ಅಲ್ಲ, ಮೇಲಿನ ಅಂತಸ್ತಿಗೆ. ನೀರಿಗೆ ಅಂಥ ಕಾಯ್ದೆ ಇಲ್ಲ. ಕೌನ್ಸಿಲ್‌ಗೆ ಇರುವುದು 2010ರ ಕಾಯ್ದೆಯ ಒಂದು ಸಣ್ಣ ಅಧಿಕಾರ. ಪ್ರವಾಹದ ವಿಷಯದಲ್ಲಿ ಅದರ ಪರಿಶೀಲನಾ ಸಮಿತಿ ಮಾಹಿತಿ ಕೇಳಿದರೆ ನೀರಿನ ಕಂಪನಿಯೂ ಎನ್ವಿರಾನ್‌ಮೆಂಟ್ ಏಜೆನ್ಸಿಯೂ ಉತ್ತರ ಕೊಡಲೇಬೇಕು. ಕೊಟ್ಟ ಉತ್ತರ ಹಿಡಿಸದಿದ್ದರೆ ಸಮಿತಿ ಇನ್ನೊಂದು ಪತ್ರ ಬರೆಯಬಹುದು.